ಕಾಯುವ ಹೊತ್ತು ಯಾರದ್ದು?

ಒಬ್ಬ ಮನುಷ್ಯ ಬೆಳಗ್ಗೆ ಬೇಗ ಎದ್ದಿದ್ದಾನೆ. ಸ್ನಾನ ಆಗಿದೆ. ಇಸ್ತ್ರಿ ಮಾಡಿದ ಯೂನಿಫಾರ್ಮ್ ಬಾಗಿಲ ಹಿಂದೆ ತೂಗ್ತಾ ಇದೆ, ಬ್ಯಾಗು ತುಂಬಿದೆ, ಫೋನು ಚಾರ್ಜ್ ಆಗಿದೆ. ಇಷ್ಟಾದ ಮೇಲೆ ಸೋಫಾ ಮೇಲೆ ಕೂತು ಟೀವಿ ನೋಡ್ತಾನೆ. ಮಧ್ಯಾಹ್ನ ಊಟ ಮಾಡ್ತಾನೆ. ಮಗಳ ಸ್ಕೂಲಲ್ಲಿ ಕಾರ್ಯಕ್ರಮ ಇದೆ, ಆದರೆ ಸ್ಕೂಲು ವಿಮಾನ ನಿಲ್ದಾಣಕ್ಕೆ ವಿರುದ್ಧ ದಿಕ್ಕಿನಲ್ಲಿದೆ, ಹಾಗಾಗಿ ಹೋಗಲ್ಲ. ರಾತ್ರಿ ಆಗತ್ತೆ. ಫೋನು ಬರಲೇ ಇಲ್ಲ. ಯೂನಿಫಾರ್ಮ್ ಬಾಗಿಲ ಹಿಂದೆಯೇ ಉಳೀತು.

ಇವತ್ತು ಇವನು ಕೆಲಸ ಮಾಡಿದನೋ, ಇಲ್ಲವೋ?

ಅಮೆರಿಕದ ವಿಮಾನ ಕಂಪನಿಗಳಲ್ಲಿ ಇಂಥವರನ್ನು ರಿಸರ್ವ್ ಪೈಲಟ್ ಅಂತಾರೆ. ಅಲ್ಲಿ ಪೈಲಟ್‌ಗಳ ತಿಂಗಳ ಡ್ಯೂಟಿ ಹಂಚಿಕೆ ನಡೆಯೋದು ಸೀನಿಯಾರಿಟಿ ಮೇಲೆ. ಕಂಪನಿಗೆ ಮೊದಲು ಸೇರಿದವನು ಮೊದಲು ಆರಿಸಿಕೊಳ್ತಾನೆ. ಯಾವ ದಿನ ಯಾವ ಊರಿಗೆ, ಯಾವ ದಿನ ರಜೆ ಅಂತ ಪೂರ್ತಿ ತಿಂಗಳಿನ ಪಟ್ಟಿ ಕೈಗೆ ಸಿಕ್ಕವನನ್ನು ಲೈನ್ ಹೋಲ್ಡರ್ ಅಂತಾರೆ. ಪಟ್ಟಿಗಳೆಲ್ಲ ಮುಗಿದ ಮೇಲೆ ಉಳಿದವರು ರಿಸರ್ವ್. ಇವರಿಗೆ ಹಾರಾಟ ಅಂತ ಗೊತ್ತುಮಾಡಿರಲ್ಲ, ಕಾಯುವ ದಿನಗಳನ್ನು ಮಾತ್ರ ಗೊತ್ತುಮಾಡಿರ್ತಾರೆ. ಶಿಕಾಗೋದಲ್ಲಿ ಹಿಮ ಬಿತ್ತು, ಯಾರಿಗೋ ಜ್ವರ ಬಂತು, ತಡವಾದ ವಿಮಾನದ ಪೈಲಟ್‌ಗೆ ಡ್ಯೂಟಿಯ ಗಂಟೆ ಮುಗಿದುಹೋಯ್ತು ಅಂದಾಗ ಇವರಿಗೆ ಕರೆ ಹೋಗತ್ತೆ.

ಕಾಯೋದರಲ್ಲೂ ಬಗೆಗಳಿವೆ. ಲಾಂಗ್ ಕಾಲ್ ಆದರೆ ಸಾಕಷ್ಟು ಮುಂಚೆ, ಸಾಮಾನ್ಯವಾಗಿ ಅರ್ಧ ದಿನದಷ್ಟು ಮೊದಲೇ ಹೇಳ್ತಾರೆ. ಶಾರ್ಟ್ ಕಾಲ್ ಆದರೆ ಕರೆ ಬಂದ ಎರಡು ಗಂಟೆಯ ಆಸುಪಾಸಿನಲ್ಲಿ ವಿಮಾನ ನಿಲ್ದಾಣದಲ್ಲಿರಬೇಕು. ಮೂರನೆಯದು, ನಿಲ್ದಾಣದಲ್ಲೇ ಯೂನಿಫಾರ್ಮ್ ಹಾಕಿಕೊಂಡು ಕೂರೋದು. ಹಾರಿದರೂ ಹಾರದಿದ್ದರೂ ತಿಂಗಳಿಗೆ ಇಂತಿಷ್ಟು ಗಂಟೆಯ ಸಂಬಳ ಖಾತ್ರಿ ಇರತ್ತೆ, ಬಹಳ ಕಡೆ ಅದು ಎಪ್ಪತ್ತು ಚಿಲ್ಲರೆ ಗಂಟೆ.

ಇದನ್ನು ಓದಿದ ತಕ್ಷಣ ಏನನ್ನಿಸತ್ತೆ ಅಂತ ನನಗೆ ಗೊತ್ತು. ಮನೇಲಿ ಕೂತಿದ್ದಕ್ಕೆ ಸಂಬಳ! ಪುಣ್ಯವಂತರು! ಇಂಥವರು ಕಂಪನಿಯ ಮೇಲೆ ದೂರು ಹಾಕ್ತಾರೆ, ‘ನನಗೆ ಅರ್ಧ ಗಂಟೆ ಮುಂಚೆ ಫೋನ್ ಮಾಡಿದ್ರು, ಕಾಂಟ್ರಾಕ್ಟಿನ ಇಷ್ಟನೇ ನಿಯಮ ಮುರಿದಿದೆ’ ಅಂತ ವರ್ಷಗಟ್ಟಲೆ ವಾದ ಮಾಡ್ತಾರೆ ಅಂದರೆ ನಗು ಬರಬಹುದು. ಆ ನಗುವಿನ ಬಗ್ಗೆಯೇ ನನಗೆ ತಕರಾರು.

ನಮ್ಮದು ತಿಪಟೂರು ಕಡೆಯ ಹಳ್ಳಿ. ಬೋರ್‌ವೆಲ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯ ಹೇಳ್ತೀನಿ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ದಿನಗಳಲ್ಲಿ ಅಪ್ಪ ಹತ್ತು ಗಂಟೆಗೇ ಮಲಗ್ತಿದ್ದರು. ಆದರೆ ಪಂಪ್‌ಸೆಟ್ ಮನೆ ಕಡೆಯ ಕಿಟಕಿ ತೆರೆದೇ ಇರುತ್ತಿತ್ತು. ಅಲ್ಲಿನ ಬಲ್ಬು ಹೊತ್ತಿಕೊಂಡರೆ ಕರೆಂಟು ಬಂತು ಅಂತ ಅರ್ಥ. ಕೆಲವು ರಾತ್ರಿ ಒಂದು ಗಂಟೆಗೆ ಬರುತ್ತಿತ್ತು, ಕೆಲವು ರಾತ್ರಿ ಮೂರಕ್ಕೆ, ಕೆಲವು ರಾತ್ರಿ ಬರುತ್ತಲೇ ಇರಲಿಲ್ಲ. ಬಾರದ ರಾತ್ರಿಯ ಮಾರನೇ ದಿನವೂ ಅಪ್ಪನ ಕಣ್ಣು ಕೆಂಪಗೇ ಇರುತ್ತಿದ್ದವು. ಗಡಿಯಾರದ ಲೆಕ್ಕದಲ್ಲಿ ಅವರು ಏಳು ಗಂಟೆ ಮಲಗಿದ್ದರು. ‘ಮಲಗಿದ್ದಿರಲ್ಲ, ಇನ್ನೇನು ದಣಿವು’ ಅಂತ ನಮ್ಮೂರಲ್ಲಿ ಯಾರೂ ಕೇಳುತ್ತಿರಲಿಲ್ಲ.

ಈಗ ನಾನು ಮಾಡುವ ಸಾಫ್ಟ್‌ವೇರ್ ಕೆಲಸದಲ್ಲೂ ಆನ್‌ಕಾಲ್ ಅಂತಿದೆ. ಸರದಿ ಬಂದ ವಾರ ಸರ್ವರ್ ಕೈಕೊಟ್ಟರೆ ಮೊಬೈಲು ಕೂಗತ್ತೆ, ನಿಮಿಷಗಳೊಳಗೆ ‘ನೋಡಿದೆ’ ಅಂತ ಒತ್ತಬೇಕು. ಆ ವಾರ ನಾನು ಊರಿಗೆ ಹೋಗಲ್ಲ, ಸಿನಿಮಾಕ್ಕೆ ಹೋಗಲ್ಲ, ಸ್ನಾನಕ್ಕೆ ಹೋಗುವಾಗಲೂ ಮೊಬೈಲು ಬಾಗಿಲ ಹತ್ತಿರ ಇಟ್ಟುಕೊಳ್ತೀನಿ. ವಾರದಲ್ಲಿ ಒಂದು ಸಲವೂ ಕೂಗದೇ ಇರಬಹುದು. ಹಾಗಂತ ಅದು ರಜೆಯ ವಾರ ಆಗಲಿಲ್ಲ. ಪೈಲಟ್‌ಗೂ ನನಗೂ ದೊಡ್ಡ ವ್ಯತ್ಯಾಸ ಇದೆ, ನಿದ್ದೆಗಣ್ಣಲ್ಲಿ ನಾನೇನಾದರೂ ಎಡವಟ್ಟು ಮಾಡಿದರೆ ಒಂದು ವೆಬ್‌ಸೈಟ್ ನಿಲ್ಲಬಹುದು, ಅಷ್ಟೇ. ಆದರೆ ಕಾಯುವಿಕೆ ಅನ್ನೋ ಅನುಭವ ಒಂದೇ ಜಾತಿಯದ್ದು. ಕೈ ಖಾಲಿ ಇರತ್ತೆ, ಹೊತ್ತು ಮಾತ್ರ ನಮ್ಮದಾಗಿರಲ್ಲ.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿವೆ. 1944ರ ಡಿಸೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎರಡು ಮೊಕದ್ದಮೆಗಳಲ್ಲಿ ಒಂದೇ ದಿನ ತೀರ್ಪು ಕೊಟ್ಟಿತು. ಎರಡೂ ಕಾರ್ಖಾನೆಯಲ್ಲಿ ಬೆಂಕಿ ಬಿದ್ದರೆ ಆರಿಸಲು ರಾತ್ರಿ ಅಲ್ಲೇ ಉಳಿಯಬೇಕಿದ್ದ ನೌಕರರ ವಿಷಯ. ಬೆಂಕಿ ಅಪರೂಪ. ಒಂದು ಕಾರ್ಖಾನೆಯವರು ಆ ಹೊತ್ತಿನಲ್ಲಿ ಇಸ್ಪೀಟು ಆಡುತ್ತಿದ್ದರು, ರೇಡಿಯೋ ಕೇಳುತ್ತಿದ್ದರು, ನಿದ್ದೆಯನ್ನೂ ಮಾಡುತ್ತಿದ್ದರು. ಇದಕ್ಕೂ ಕೂಲಿ ಕೊಡಬೇಕೇ? ಕಾಯುವುದಕ್ಕೆಂದೇ ಒಬ್ಬನನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು, ಹಾಗಾದಾಗ ಕಾಯುವುದೇ ಅವನ ಕೆಲಸ ಅಂತ ಕೋರ್ಟು ಹೇಳಿತು. ಜೊತೆಗೆ, ಎಲ್ಲ ಕಾಯುವಿಕೆಯೂ ಕೆಲಸ ಅಂತ ಕಣ್ಣುಮುಚ್ಚಿ ಹೇಳೋಕಾಗಲ್ಲ, ಆಯಾ ಸಂದರ್ಭ ನೋಡಬೇಕು ಅಂತಲೂ ಹೇಳಿತು.

ಹಾಗಾದರೆ ಸಂದರ್ಭದಲ್ಲಿ ಏನನ್ನು ನೋಡಬೇಕು? ಯುರೋಪಿನ ಎರಡು ತೀರ್ಪುಗಳು ಇದಕ್ಕೆ ಒಂದು ದಾರಿ ತೋರಿಸಿವೆ. ಬೆಲ್ಜಿಯಂನ ನಿವೆಲ್ ಪಟ್ಟಣದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಕರೆ ಬಂದ 8 ನಿಮಿಷದಲ್ಲಿ ಠಾಣೆಯಲ್ಲಿ ಇರಬೇಕಿತ್ತು. ಮನೆಯಲ್ಲೇ ಇದ್ದರೂ ಅದು ಕೆಲಸದ ಸಮಯವೇ ಅಂತ 2018ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿತು. 2021ರಲ್ಲಿ ಸ್ಲೊವೇನಿಯಾದ ಒಬ್ಬ ಟೀವಿ ಪ್ರಸಾರ ತಂತ್ರಜ್ಞರ ಮೊಕದ್ದಮೆ ಬಂತು. ಅವರಿದ್ದದ್ದು ಬೆಟ್ಟದ ಮೇಲಿನ ಪ್ರಸಾರ ಕೇಂದ್ರದಲ್ಲಿ, ಕರೆ ಬಂದರೆ ಹಾಜರಾಗಲು ಒಂದು ಗಂಟೆ ಸಮಯ ಇತ್ತು. ಮಾಲೀಕ ಹಾಕಿದ ಕಟ್ಟುಪಾಡು ನೌಕರನ ಸ್ವಂತ ಬದುಕನ್ನು ಬಹಳ ಮಟ್ಟಿಗೆ ಕಟ್ಟಿಹಾಕಿದರೆ ಮಾತ್ರ ಅದು ಕೆಲಸದ ಸಮಯ, ಸುತ್ತಮುತ್ತ ಹೊತ್ತು ಕಳೆಯೋಕೆ ಏನೂ ಇಲ್ಲ ಅನ್ನೋದು ಲೆಕ್ಕಕ್ಕೆ ಬರಲ್ಲ ಅಂತ ಅದೇ ನ್ಯಾಯಾಲಯ ಹೇಳಿತು.

ನನಗೆ ಇದು ಸರಿಯಾದ ಅಳತೆ ಅನ್ನಿಸತ್ತೆ. ಫೋನು ಎಷ್ಟು ಸಲ ಬಂತು ಅಂತ ಕೇಳೋದು ತಪ್ಪು ಪ್ರಶ್ನೆ. ಬರಬಹುದು ಅನ್ನೋ ಕಾರಣಕ್ಕೆ ಈ ಮನುಷ್ಯ ಏನೇನು ಬಿಟ್ಟ ಅಂತ ಕೇಳಬೇಕು. ಮಗಳ ಕಾರ್ಯಕ್ರಮ ಬಿಟ್ಟ. ಒಂದು ಲೋಟ ಬಿಯರ್ ಬಿಟ್ಟ. ನಿಶ್ಚಿಂತೆಯ ನಿದ್ದೆ ಬಿಟ್ಟ. ಬಿಟ್ಟದ್ದೆಲ್ಲವೂ ಇನ್ನೊಬ್ಬರಿಗೋಸ್ಕರ. ಅಷ್ಟರ ಮಟ್ಟಿಗೆ ಅವನು ಕೆಲಸದಲ್ಲಿದ್ದ.

ಈ ಅಳತೆ ಇಟ್ಟುಕೊಂಡು ನೋಡಿದರೆ ಇನ್ನೊಂದು ಸಂಗತಿ ಕಾಣತ್ತೆ. ಒಂದೇ ನಿಯಮ ಇಬ್ಬರಿಗೆ ಎರಡು ಥರ ಆಗತ್ತೆ. ನಿಲ್ದಾಣದಿಂದ ಇಪ್ಪತ್ತು ನಿಮಿಷ ದೂರದಲ್ಲಿ ಸ್ವಂತ ಮನೆ ಇರುವ ಪೈಲಟ್‌ಗೆ ಶಾರ್ಟ್ ಕಾಲ್ ಅಂದರೆ ಗಿಡಕ್ಕೆ ನೀರು ಹಾಕಿಕೊಂಡು ಇರೋದು. ಕೆಲವು ಸೀನಿಯರ್‌ಗಳು ಬೇಕು ಅಂತಲೇ ರಿಸರ್ವ್ ಆರಿಸಿಕೊಳ್ಳೋದೂ ಉಂಟು. ಆದರೆ ಅಮೆರಿಕದಲ್ಲಿ ಎಷ್ಟೋ ಪೈಲಟ್‌ಗಳ ಸಂಸಾರ ಒಂದು ಊರಲ್ಲಿ, ಡ್ಯೂಟಿ ಶುರುವಾಗೋದು ಸಾವಿರ ಮೈಲಿ ದೂರದ ಇನ್ನೊಂದು ಊರಲ್ಲಿ. ಅಲ್ಲಿ ಅವರು ಏಳೆಂಟು ಜನ ಸೇರಿ ಬಾಡಿಗೆ ಹಿಡಿದ ಮನೆಯ ಬಂಕ್ ಮಂಚದ ಮೇಲೆ ಕಾಯ್ತಾರೆ. ಇದಕ್ಕೆ ಕ್ರ್ಯಾಶ್ ಪ್ಯಾಡ್ ಅಂತ ಹೆಸರು. ಕರೆ ಬರದೇ ಹೋದ ನಾಲ್ಕು ದಿನವನ್ನು ಒಬ್ಬ ತೋಟದಲ್ಲಿ ಕಳೆದ, ಇನ್ನೊಬ್ಬ ಮಂಚದ ಮೇಲೆ ಕಳೆದ. ಸಂಬಳದ ಚೀಟಿಯಲ್ಲಿ ಇಬ್ಬರದ್ದೂ ಒಂದೇ. ಈ ಎರಡನೆಯವನ ಕಣ್ಣಿಂದ ನೋಡಿದರೆ ‘ಅರ್ಧ ಗಂಟೆಯ ಜಗಳ’ ಬೇರೆಯೇ ಕಾಣತ್ತೆ.

ಜಗಳ ಯಾವ್ಯಾವುದರ ಮೇಲೆ ಅಂತ ಸ್ವಲ್ಪ ನೋಡೋಣ. ಫೋನ್ ಬಂದ ಎಷ್ಟು ನಿಮಿಷದೊಳಗೆ ತಿರುಗಿ ಮಾಡಬೇಕು. ವಿಶ್ರಾಂತಿಯ ಹೊತ್ತಿನಲ್ಲಿ ಕಂಪನಿ ಫೋನ್ ಮಾಡಬಹುದೇ, ಮಾಡಿದರೆ ಎತ್ತಲೇಬೇಕೇ. ಬೆಳಗಿನ ಪಾಳಿಗೆ ಕಾಯುತ್ತಿದ್ದವನನ್ನು ಸಂಜೆಯ ಪಾಳಿಗೆ ತಳ್ಳಬಹುದೇ. ಹತ್ತು ಜನ ಕಾಯುತ್ತಿರುವಾಗ ಮೊದಲು ಯಾರನ್ನು ಕರೀಬೇಕು. ಒಂದು ಸುತ್ತು ಹಾರಿ ಬಂದವನನ್ನು ಮನೆಗೆ ಕಳಿಸಬೇಕೋ, ಇನ್ನೂ ಹೊತ್ತಿದೆ ಅಂತ ಮತ್ತೆ ಕಾಯೋಕೆ ಕೂರಿಸಬಹುದೋ. ಎಲ್ಲ ಸಣ್ಣ ಸಣ್ಣ ವಿಷಯಗಳೇ.

ಇವೆಲ್ಲ ಕಾಂಟ್ರಾಕ್ಟಿನಲ್ಲೇ ಯಾಕೆ ತೀರ್ಮಾನ ಆಗಬೇಕು ಅಂದರೆ, ಬೇರೆ ನೌಕರರಿಗೆ ಇರುವ ಓವರ್‌ಟೈಮ್ ಕಾನೂನು ಅಲ್ಲಿ ವಿಮಾನ ಕಂಪನಿಯವರಿಗೆ ಅನ್ವಯಿಸಲ್ಲ. ಅವರು ಬರೋದು 1926ರ ರೈಲ್ವೆ ಕಾರ್ಮಿಕ ಕಾಯ್ದೆಯ ಕೆಳಗೆ, 1936ರಲ್ಲಿ ವಿಮಾನ ಕಂಪನಿಗಳನ್ನೂ ಅದಕ್ಕೆ ಸೇರಿಸಿದರು. ಈ ಕಾಯ್ದೆ ಜಗಳಗಳನ್ನು ಎರಡು ಭಾಗ ಮಾಡತ್ತೆ. ಹೊಸ ಕಾಂಟ್ರಾಕ್ಟು ಹೇಗಿರಬೇಕು ಅನ್ನೋದು ದೊಡ್ಡ ಜಗಳ. ಇರುವ ಕಾಂಟ್ರಾಕ್ಟಿನ ಮಾತಿಗೆ ಏನರ್ಥ ಅನ್ನೋದು ಸಣ್ಣ ಜಗಳ. ಸಣ್ಣ ಜಗಳಕ್ಕೆ ಮುಷ್ಕರ ಮಾಡುವ ಹಾಗಿಲ್ಲ. ಗ್ರೀವೆನ್ಸ್ ಹಾಕಬೇಕು, ಅದು ಮಂಡಳಿಯ ಮುಂದೆ ಹೋಗತ್ತೆ, ಕೊನೆಗೆ ಮಧ್ಯಸ್ಥಗಾರರು ತೀರ್ಮಾನ ಹೇಳ್ತಾರೆ. ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡೀತವೆ. ಅಲ್ಲಿಯವರೆಗೆ? ಮೊದಲು ಹೇಳಿದ ಕೆಲಸ ಮಾಡು, ಆಮೇಲೆ ದೂರು ಕೊಡು ಅನ್ನೋದು ಅಲ್ಲಿನ ರೂಢಿ. ಪ್ರಾಣಕ್ಕೆ ಅಪಾಯ ಇದ್ದರೆ ಮಾತ್ರ ವಿನಾಯಿತಿ.

ಅಂದರೆ ರಾತ್ರಿ ಹನ್ನೊಂದಕ್ಕೆ ಶೆಡ್ಯೂಲಿಂಗ್ ವಿಭಾಗದಿಂದ ಫೋನು ಬಂದು, ನಿಯಮಕ್ಕೆ ಸರಿಹೋಗದ ಡ್ಯೂಟಿ ಕೊಟ್ಟರೂ ಪೈಲಟ್ ಸಾಮಾನ್ಯವಾಗಿ ಹೋಗಲೇಬೇಕು. ಎಂಟು ತಿಂಗಳ ನಂತರ ‘ಹೌದಪ್ಪ, ನೀನು ಹೇಳಿದ್ದೇ ಸರಿ’ ಅಂತ ಒಂದಿಷ್ಟು ದುಡ್ಡು ಬರಬಹುದು. ಆ ರಾತ್ರಿ ವಾಪಸ್ಸು ಬರಲ್ಲ. ದುಡ್ಡನ್ನು ಹಿಂದಿರುಗಿಸಬಹುದು, ಹೊತ್ತನ್ನು ಹಿಂದಿರುಗಿಸೋಕೆ ಯಾವ ಮಂಡಳಿಯಿಂದಲೂ ಆಗಲ್ಲ. ಹೊತ್ತಿಗೆ ಸಂಬಂಧಪಟ್ಟ ನಿಯಮವನ್ನು ಮುರಿಯುವ ಮುಂಚೆಯೇ ಕಾಯಬೇಕು ಅನ್ನೋದಕ್ಕೆ ಇದೇ ಕಾರಣ.

2017ರಲ್ಲಿ ಒಂದು ಪ್ರಸಂಗ ನಡೀತು. ಅಮೆರಿಕನ್ ಏರ್‌ಲೈನ್ಸಿನ ಶೆಡ್ಯೂಲಿಂಗ್ ವ್ಯವಸ್ಥೆಯಲ್ಲಿ ಆದ ದೋಷದಿಂದ ಕ್ರಿಸ್‌ಮಸ್ ಸಮಯದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಪೈಲಟ್‌ಗಳಿಗೆ ರಜೆ ಸಿಕ್ಕಿಬಿಟ್ಟಿತು. ಸಾವಿರಾರು ಹಾರಾಟಗಳಿಗೆ ಪೈಲಟ್ ಇಲ್ಲ. ಕಂಪನಿ ತಕ್ಷಣ, ಈ ದಿನಗಳಲ್ಲಿ ಬಂದು ಹಾರಿದವರಿಗೆ ಒಂದೂವರೆ ಪಟ್ಟು ಸಂಬಳ ಅಂತ ಘೋಷಿಸಿತು. ಪೈಲಟ್‌ಗಳ ಯೂನಿಯನ್ ಖುಷಿಪಡಬೇಕಿತ್ತು ತಾನೆ? ಅದು ಗ್ರೀವೆನ್ಸ್ ಹಾಕಿತು! ನಮ್ಮ ಜೊತೆ ಕೂತು ಮಾತಾಡದೆ ನೀವೊಬ್ಬರೇ ಹೀಗೆ ತೀರ್ಮಾನ ಮಾಡೋದು ಕಾಂಟ್ರಾಕ್ಟಿಗೆ ವಿರುದ್ಧ ಅಂತ. ಆಮೇಲೆ ಎರಡೂ ಕಡೆಯವರು ಕೂತು ಮಾತಾಡಿ ಬಗೆಹರಿಸಿಕೊಂಡರು.

ದುಡ್ಡು ಹೆಚ್ಚು ಕೊಟ್ಟರೂ ಬೇಡ ಅನ್ನೋದು ಮೊಂಡುತನವೇ? ಯೋಚನೆ ಮಾಡಿ. ಇವತ್ತು ಕಂಪನಿ ತಾನೇ ಕೊಡುವ ತೀರ್ಮಾನ ಮಾಡಿದರೆ, ನಾಳೆ ತಾನೇ ಕಿತ್ತುಕೊಳ್ಳುವ ತೀರ್ಮಾನವನ್ನೂ ಮಾಡಬಹುದು. ಹೊಲದ ಬದುವನ್ನು ಪಕ್ಕದವನು ನನ್ನ ಕಡೆಗೆ ಲಾಭ ಆಗುವ ಹಾಗೆ ಒಂದು ಮೊಳ ಸರಿಸಿದರೂ, ನನ್ನನ್ನು ಕೇಳದೆ ಸರಿಸಿದ ಅಂದರೆ ನಾನು ಹೆದರಬೇಕು. ಬದು ಅವನ ಕೈಯಲ್ಲಿದೆ ಅಂತ ಅರ್ಥ.

ಈಗ ಇನ್ನೊಂದು ಕಡೆಯ ಮಾತು. ಅದನ್ನು ಹಗುರವಾಗಿ ತಳ್ಳಿಹಾಕೋಕಾಗಲ್ಲ. ನಿಯಮದ ಅರ್ಧ ಗಂಟೆಗೋಸ್ಕರ ವಿಮಾನ ರದ್ದಾದರೆ, ಅದರಲ್ಲಿ ಕೂತ ನೂರೈವತ್ತು ಜನರ ಗತಿ ಏನು? ಒಬ್ಬರು ತಾಯಿಯ ಮಣ್ಣಿಗೆ ಹೋಗ್ತಾ ಇರಬಹುದು. ಒಬ್ಬರಿಗೆ ಮಾರನೇ ದಿನ ಇಂಟರ್‌ವ್ಯೂ ಇರಬಹುದು. ಅವರು ಪೈಲಟ್‌ಗೆ ಏನು ಅನ್ಯಾಯ ಮಾಡಿದ್ದಾರೆ? ಅದೂ ಅಲ್ಲದೆ ದೊಡ್ಡ ಕಂಪನಿಯ ಪೈಲಟ್ ಬಡವನೇನಲ್ಲ. ಗಾರೆ ಕೆಲಸದವನು, ಡೆಲಿವರಿ ಹುಡುಗ ಸಂಬಳವೇ ಇಲ್ಲದೆ ಕಾಯುವ ಲೋಕದಲ್ಲಿ ಇವರದ್ದೊಂದು ದೂರು.

ಇದಕ್ಕೆ ಉತ್ತರ ಹುಡುಕೋಕೆ ಅಮೆರಿಕಕ್ಕೇ ಹೋಗಬೇಕಿಲ್ಲ. 2025ರ ಡಿಸೆಂಬರ್ ಮೊದಲ ವಾರ ನಮ್ಮ ದೇಶದಲ್ಲೇ ನಡೆದದ್ದು ನೆನಪಿರಬೇಕು. ಪೈಲಟ್‌ಗಳ ವಿಶ್ರಾಂತಿಗೆ ಸಂಬಂಧಪಟ್ಟ ಹೊಸ ನಿಯಮಗಳನ್ನು ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲೇ ಪ್ರಕಟಿಸಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ವೇಳೆಯ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳೀತು. ಎರಡು ಹಂತಗಳಲ್ಲಿ ಜಾರಿ, ಎರಡನೇ ಹಂತ 2025ರ ನವೆಂಬರ್ 1ರಿಂದ. ದೇಶದ ಅತಿ ದೊಡ್ಡ ವಿಮಾನ ಕಂಪನಿ ಇಂಡಿಗೋ ಬಳಿ ಈ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳ ವ್ಯವಸ್ಥೆ ಇರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲಿ ಜನ ನೆಲದ ಮೇಲೆ ಮಲಗಿದರು, ಸೂಟ್‌ಕೇಸುಗಳ ರಾಶಿಯಲ್ಲಿ ತಮ್ಮದನ್ನು ಹುಡುಕಿದರು. ಕೊನೆಗೆ ಸರ್ಕಾರ ಆ ಕಂಪನಿಗೆ ರಾತ್ರಿ ಡ್ಯೂಟಿಯ ನಿಯಮಗಳಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟಿತು.

ಆಗ ಸಿಟ್ಟು ಎರಡೂ ಕಡೆ ಹರೀತು. ಕೆಲವರು ಕಂಪನಿಯನ್ನು ಬೈದರು, ಕೆಲವರು ನಿಯಮವನ್ನೇ ಬೈದರು. ನಾನು ಕೇಳೋದು ಇಷ್ಟೇ. ಹಿಮ ಬೀಳತ್ತೆ, ಮಂಜು ಕವಿಯತ್ತೆ, ಜನಕ್ಕೆ ಜ್ವರ ಬರತ್ತೆ, ಇವು ಮುಂಚೆಯೇ ಗೊತ್ತಿರುವ ಸಂಗತಿಗಳು. ಯಾವ ದಿನ ಅನ್ನೋದು ಮಾತ್ರ ಗೊತ್ತಿಲ್ಲ. ಆ ಗೊತ್ತಿಲ್ಲದ್ದಕ್ಕೆ ಯಾರಾದರೂ ಬೆಲೆ ಕೊಡಲೇಬೇಕು. ಕಂಪನಿ ಹೆಚ್ಚು ಜನರನ್ನು ರಿಸರ್ವ್ ಇಟ್ಟುಕೊಂಡು ದುಡ್ಡಿನಲ್ಲಿ ಕೊಡಬಹುದು. ಟಿಕೆಟ್ ದರದ ಮೂಲಕ ನಾವೆಲ್ಲ ಚೂರುಚೂರು ಕೊಡಬಹುದು. ಇವೆರಡೂ ಬೇಡ ಅಂದರೆ, ಇರುವ ಕೆಲವರ ನಿದ್ದೆಯಿಂದ, ಮನೆಯಿಂದ, ರಜೆಯಿಂದ ಕಿತ್ತುಕೊಳ್ಳಬೇಕು. ರಾತ್ರಿ ಹನ್ನೊಂದಕ್ಕೆ ಪ್ರಯಾಣಿಕನನ್ನೂ ಪೈಲಟ್‌ನನ್ನೂ ಎದುರುಬದುರು ನಿಲ್ಲಿಸಿ ‘ಈಗ ಹೇಳು, ಯಾರು ಮುಖ್ಯ’ ಅಂತ ಕೇಳೋದು ನ್ಯಾಯವಲ್ಲ. ಇಬ್ಬರನ್ನೂ ಅಲ್ಲಿಗೆ ತಂದು ನಿಲ್ಲಿಸಿದ ತೀರ್ಮಾನ ಆರು ತಿಂಗಳ ಹಿಂದೆ ಹಗಲು ಹೊತ್ತಿನಲ್ಲಿ, ಯಾವುದೋ ಮೀಟಿಂಗ್ ರೂಮಿನಲ್ಲಿ ಆಗಿರತ್ತೆ.

ಹಾಗಂತ ಜನ ಕಡಿಮೆ ಇದ್ದರೆ ಮಾತ್ರ ಇಂಥದ್ದೆಲ್ಲ ಆಗೋದು ಅಂತೇನಿಲ್ಲ. 2022ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ಸೌತ್‌ವೆಸ್ಟ್ ಕಂಪನಿಯ 16 ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾಗಿ 20 ಲಕ್ಷ ಜನ ಸಿಕ್ಕಿಬಿದ್ದರು. ಚಳಿಗಾಳಿಯಿಂದ ಶುರುವಾದದ್ದು ನಿಜ, ಬೇರೆ ಕಂಪನಿಗಳು ಬೇಗ ಚೇತರಿಸಿಕೊಂಡವು. ಸೌತ್‌ವೆಸ್ಟಿನ ಹಳೇ ಸಾಫ್ಟ್‌ವೇರಿಗೆ ಯಾವ ಪೈಲಟ್ ಯಾವ ಊರಲ್ಲಿದ್ದಾನೆ ಅನ್ನೋದೇ ತಪ್ಪಿಹೋಯ್ತು. ‘ನಾನಿಲ್ಲಿದ್ದೀನಿ, ಹಾರೋಕೆ ತಯಾರಿದ್ದೀನಿ’ ಅಂತ ಹೇಳೋಕೆ ಪೈಲಟ್‌ಗಳು ಗಂಟೆಗಟ್ಟಲೆ ಫೋನ್ ಹಿಡ್ಕೊಂಡು ಕಾದರು. ಮರುವರ್ಷ ಸರ್ಕಾರ 14 ಕೋಟಿ ಡಾಲರ್ ದಂಡ ವಿಧಿಸಿತು. ನಿಯಮ ಮುರಿಯುವ ಪೈಲಟ್‌ಗಳು ಅಲ್ಲಿ ಎಷ್ಟು ಜನ ಇದ್ದಿದ್ದರೂ ಉಪಯೋಗ ಆಗುತ್ತಿರಲಿಲ್ಲ.

ಇನ್ನು ಪ್ರಾಣದ ಮಾತು. 2009ರ ಫೆಬ್ರವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ ಏರ್ ಕಂಪನಿಯ ವಿಮಾನ ಬಿದ್ದು, ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಸತ್ತರು. ವಿಮಾನದ ವೇಗ ಕುಸಿದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದು ಕಾರಣ ಅಂತ ತನಿಖೆ ಹೇಳಿತು. ಹಿಂದಿನ ರಾತ್ರಿ ಕ್ಯಾಪ್ಟನ್ ನಿಲ್ದಾಣದ ಸಿಬ್ಬಂದಿ ಕೊಠಡಿಯಲ್ಲಿ ಕಳೆದಿದ್ದರು. ಸಹ ಪೈಲಟ್ ರಾತ್ರಿಯಿಡೀ ಪ್ರಯಾಣ ಮಾಡಿ ಸಿಯಾಟಲ್‌ನಿಂದ ಡ್ಯೂಟಿಗೆ ಬಂದಿದ್ದರು. ದಣಿವು ಎಷ್ಟರ ಮಟ್ಟಿಗೆ ಕಾರಣ ಅಂತ ಅಳೆಯೋಕೆ ತನಿಖೆಯವರಿಂದ ಆಗಲಿಲ್ಲ, ಇಬ್ಬರೂ ದಣಿದಿದ್ದ ಸಾಧ್ಯತೆ ಹೆಚ್ಚು ಅಂದರು. ಸತ್ತವರ ಮನೆಯವರು ವರ್ಷಗಳ ಕಾಲ ಹೋರಾಡಿದರು. 2014ರ ಜನವರಿಯಿಂದ ಅಮೆರಿಕದಲ್ಲಿ ಹೊಸ ವಿಶ್ರಾಂತಿ ನಿಯಮ ಬಂತು. ಡ್ಯೂಟಿಗೆ ಮುಂಚೆ 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದೆ ಮಲಗಲು ಅವಕಾಶ. ಶಾರ್ಟ್ ಕಾಲ್ ಕಾಯುವಿಕೆ 14 ಗಂಟೆ ಮೀರಬಾರದು. ನಿಲ್ದಾಣದಲ್ಲಿ ಕಾದರೆ ಅದು ಡ್ಯೂಟಿಯೇ. ನನಗೆ ದಣಿವಾಗಿದೆ, ಹಾರಲಾರೆ ಅಂತ ಪೈಲಟ್ ಹೇಳಿದ ಮೇಲೆ ಕಂಪನಿ ಅವನನ್ನು ಹಾರಿಸುವಂತಿಲ್ಲ.

ಈ ನಿಯಮದಿಂದ ಸರಕು ವಿಮಾನಗಳನ್ನು ಮಾತ್ರ ಹೊರಗಿಟ್ಟರು, ಈಗಲೂ ಹೊರಗೇ ಇವೆ. ಸರಕು ಪೈಲಟ್‌ಗೂ ನಮ್ಮ ಥರದ್ದೇ ಕಣ್ಣು, ನಮ್ಮ ಥರದ್ದೇ ನಿದ್ದೆ. ಆದರೂ ಲಾಭ ನಷ್ಟದ ಲೆಕ್ಕ ಹಾಕಿದಾಗ, ಹಿಂದೆ ಕೂತವರು ಪೆಟ್ಟಿಗೆಗಳು ಅಂತಾದರೆ ಮುಂದೆ ಕೂತವರ ದಣಿವಿಗೆ ಬೆಲೆ ಕಡಿಮೆ ಆಯಿತು. 2013ರ ಆಗಸ್ಟ್ 14ರಂದು ಬೆಳಕು ಹರಿಯುವ ಮುಂಚೆ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಯುಪಿಎಸ್ ಸರಕು ವಿಮಾನ ಬಿದ್ದು ಇಬ್ಬರೂ ಪೈಲಟ್‌ಗಳು ತೀರಿಕೊಂಡರು. ಸರಕು ಪೈಲಟ್‌ಗಳಿಗೆ ಬೇರೆ ನಿಯಮ ಇರೋದರ ಬಗ್ಗೆ ಆ ಇಬ್ಬರೂ ಹೊರಡುವ ಮುಂಚೆ ಮಾತಾಡಿಕೊಂಡದ್ದು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿದೆ. ಆದರೆ ಪೂರ್ತಿ ಹೇಳಬೇಕು ಅಂದರೆ, ಅವರ ಅವತ್ತಿನ ಡ್ಯೂಟಿ ಹೊಸ ನಿಯಮಕ್ಕೂ ಹೊಂದುತ್ತಿತ್ತು, ಸಿಕ್ಕ ವಿಶ್ರಾಂತಿಯ ಹೊತ್ತನ್ನು ಸಹ ಪೈಲಟ್ ಸರಿಯಾಗಿ ಬಳಸಲಿಲ್ಲ ಅಂತ ತನಿಖೆ ಹೇಳಿತು. ನಿಯಮ ಮಲಗುವ ಅವಕಾಶವನ್ನು ಕೊಡಬಹುದು, ನಿದ್ದೆಯನ್ನಲ್ಲ. ಕಾಯುವವನಿಗೂ ಇಲ್ಲೊಂದು ಜವಾಬ್ದಾರಿ ಇದೆ. ವಿಶ್ರಾಂತಿ ಅಂತ ಕೊಟ್ಟ ಹೊತ್ತನ್ನು ವಿಶ್ರಾಂತಿಗೇ ಬಳಸಬೇಕು. ಕರೆ ಬರಬೇಕಾದ ಹೊತ್ತಿನಲ್ಲಿ ಫೋನ್ ಕೇಳಿಸಲಿಲ್ಲ ಅಂತ ನಾಟಕ ಆಡಿದರೆ, ಆ ಕರೆ ಪಟ್ಟಿಯಲ್ಲಿ ಮುಂದಿನವನ ತಲೆ ಮೇಲೆ ಬೀಳತ್ತೆ.

ಹಾಗಾದರೆ ಈ ಹೊರೆ ಕಿರಿಯರ ಮೇಲೇ ಬೀಳೋದು ಸರಿಯಾ? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನೋದು ಸೀನಿಯಾರಿಟಿಯ ಸಮರ್ಥನೆ. ಇವತ್ತು ನೀನು ಕಾಯಿ, ನಾಳೆ ನಿನ್ನ ಕೆಳಗೆ ಬಂದವನು ಕಾಯ್ತಾನೆ. ಇದರಲ್ಲಿ ಒಂದು ಒಳ್ಳೇದಿದೆ, ಮ್ಯಾನೇಜರ್‌ಗೆ ಬೇಕಾದವರು ಬೇಡದವರು ಅನ್ನೋ ಭೇದಕ್ಕೆ ಜಾಗ ಇಲ್ಲ. ಸೇರಿದ ತಾರೀಖು ಯಾರ ಮುಖವನ್ನೂ ನೋಡಲ್ಲ. ಆದರೆ ಅಮೆರಿಕದಲ್ಲಿ ಸೀನಿಯಾರಿಟಿ ಒಂದು ಕಂಪನಿಯಿಂದ ಇನ್ನೊಂದಕ್ಕೆ ಜೊತೆಯಲ್ಲಿ ಬರಲ್ಲ. ಹದಿನೈದು ವರ್ಷ ಹಾರಿದವನ ಕಂಪನಿ ಮುಳುಗಿದರೆ, ಹೊಸ ಕಂಪನಿಯಲ್ಲಿ ಅವನು ಮತ್ತೆ ಪಟ್ಟಿಯ ಕೊನೆಯವನು, ಮತ್ತೆ ರಿಸರ್ವ್. ಅತ್ತೆಯ ಕಾಲ ಬರುವ ಖಾತ್ರಿ ಇಲ್ಲದಿದ್ದರೆ ಆ ಗಾದೆ ಸೊಸೆಗೆ ಹೇಳುವ ಬರೀ ಸಮಾಧಾನ. ಅದಕ್ಕೇ ಸೊಸೆಯ ಕಾಲವನ್ನೇ ತಾಳಿಕೊಳ್ಳುವ ಹಾಗೆ ಮಾಡುವ ನಿಯಮಗಳು ಮುಖ್ಯ. ಕೊನೆಯವನಿಗೂ ಇಂತಿಷ್ಟು ದಿನ ಯಾರೂ ಮುಟ್ಟದ ರಜೆ, ಇಂತಿಷ್ಟು ಗಂಟೆ ಯಾರೂ ಫೋನ್ ಮಾಡದ ರಾತ್ರಿ ಇರಲೇಬೇಕು.

ಸಾಫ್ಟ್‌ವೇರ್ ಬರೆಯುವವನಾಗಿ ಕೊನೆಗೊಂದು ಮಾತು ಹೇಳಬೇಕು. ಇಂಥ ಡ್ಯೂಟಿ ಹಂಚಿಕೆಯನ್ನೆಲ್ಲ ಈಗ ಬಹುಮಟ್ಟಿಗೆ ಕಂಪ್ಯೂಟರೇ ಮಾಡೋದು. ಪ್ರೋಗ್ರಾಮಿಗೆ ಒಂದು ಗುರಿ ಕೊಟ್ಟಿರ್ತೀವಿ, ಒಟ್ಟು ಖರ್ಚು ಕಡಿಮೆ ಮಾಡು ಅಂತ. ಹೋಟೆಲ್ ರೂಮಿಗೆ ಬೆಲೆ ಇದೆ, ಇಂಧನಕ್ಕೆ ಬೆಲೆ ಇದೆ, ಓವರ್‌ಟೈಮಿಗೆ ಬೆಲೆ ಇದೆ. ಆದರೆ ಖಾತ್ರಿ ಸಂಬಳದೊಳಗೆ ಕೂತಿರುವ ರಿಸರ್ವ್ ಪೈಲಟ್‌ನ ಮುಂದಿನ ಒಂದು ಗಂಟೆಗೆ? ದುಡ್ಡು ಹೇಗಿದ್ದರೂ ಕೊಟ್ಟಾಗಿದೆ, ಹಾಗಾಗಿ ಸೊನ್ನೆ. ಪ್ರೋಗ್ರಾಮಿನ ಕಣ್ಣಿಗೆ ಅವನು ಪುಕ್ಕಟೆ. ಅವನ ಪಾಳಿಯನ್ನು ಬೆಳಗಿಂದ ರಾತ್ರಿಗೆ ತಿರುಗಿಸೋದೂ ಪುಕ್ಕಟೆ, ಮತ್ತೆ ವಾಪಸ್ಸು ತಿರುಗಿಸೋದೂ ಪುಕ್ಕಟೆ. ಪ್ರೋಗ್ರಾಮು ಕೆಟ್ಟದ್ದಲ್ಲ, ಅದಕ್ಕೆ ಹೇಳಿದ್ದನ್ನು ಮಾತ್ರ ಅದು ನೋಡತ್ತೆ. ‘ಈ ಹೊತ್ತಿನಲ್ಲಿ ಇವನನ್ನು ಮುಟ್ಟಬಾರದು’ ಅಂತ ಒಂದು ಷರತ್ತು ಬರೆದರೆ ಮುಟ್ಟಲ್ಲ. ಆ ಷರತ್ತು ಎಲ್ಲಿಂದ ಬರಬೇಕು? ಸರ್ಕಾರದ ನಿಯಮದಿಂದ ಬರಬೇಕು, ಇಲ್ಲವೇ ಕಾಂಟ್ರಾಕ್ಟಿನ ಒಂದು ಸಾಲಿನಿಂದ ಬರಬೇಕು. ಪೈಲಟ್‌ನ ನಿದ್ದೆ ಆ ಯಂತ್ರದೊಳಗೆ ಹೋಗೋಕೆ ಇರುವ ಬಾಗಿಲು ಅವೇ. ಅರ್ಧ ಗಂಟೆಯ ಮೇಲೆ, ಒಂದು ಪದದ ಅರ್ಥದ ಮೇಲೆ ಅವರು ವರ್ಷಗಟ್ಟಲೆ ಜಗಳ ಆಡೋದು ಆ ಬಾಗಿಲು ಮುಚ್ಚಿಹೋಗದಿರಲಿ ಅಂತ.

ನೀವು ಪೈಲಟ್ ಅಲ್ಲದಿರಬಹುದು. ಆದರೆ ಆಸ್ಪತ್ರೆಯ ನರ್ಸು, ಲೈನ್‌ಮ್ಯಾನ್, ಆಂಬುಲೆನ್ಸ್ ಡ್ರೈವರ್, ಬಾಡಿಗೆ ಕಾರಿನ ಹುಡುಗ, ಹೀಗೆ ನಿಮಗೋಸ್ಕರ ಕಾಯುವವರು ಯಾರಾದರೂ ಇದ್ದೇ ಇರ್ತಾರೆ. ನೀವೇ ಯಾರಿಗೋಸ್ಕರವೋ ಕಾಯ್ತಾ ಇರಬಹುದು. ಅಂಥ ಕಡೆ ಮೂರು ಪ್ರಶ್ನೆ ಕೇಳಿ ನೋಡಿ. ಕಾಯುವ ಹೊತ್ತು ಯಾವಾಗ ಶುರು, ಯಾವಾಗ ಮುಗಿಯತ್ತೆ ಅಂತ ಬರೆದಿದೆಯಾ? ಬರೆದದ್ದನ್ನು ಬದಲಾಯಿಸುವಾಗ ಕಾಯುವವನನ್ನು ಕೇಳ್ತಾರಾ? ಮುಗಿದ ಮೇಲೆ ಅವನು ಫೋನನ್ನು ಹೆದರಿಕೆ ಇಲ್ಲದೆ ಆಫ್ ಮಾಡಿ ಮಲಗಬಹುದಾ? ಮೂರಕ್ಕೂ ಹೌದು ಅನ್ನೋ ಉತ್ತರ ಬಂದರೆ ಕಾಯುವುದು ಒಂದು ಕೆಲಸ, ಬೇರೆ ಕೆಲಸಗಳ ಹಾಗೇ ಮರ್ಯಾದೆಯ ಕೆಲಸ. ಇಲ್ಲ ಅನ್ನೋ ಉತ್ತರ ಬಂದರೆ, ಅಲ್ಲಿ ಸಂಬಳ ಎಷ್ಟೇ ಇರಲಿ, ಯಾರದ್ದೋ ಬದುಕಿನ ಹೊತ್ತನ್ನು ಲೆಕ್ಕಕ್ಕೇ ಇಡದೆ ಬಳಸಿಕೊಳ್ತಾ ಇದ್ದಾರೆ ಅಂತ ಅರ್ಥ.